ತೂಗುಸೇತುವೆಯ ತೂಕ

“ಏಯ್ ಎಮ್ಮೆ, ನಿಧಾನಕ್ಕೆ ಹತ್ತು! ಸೇತುವೆ ಮುರಿದಿದ್ದು ಸಾಲ್ದು ಅಂತ ತೂಕದ ಮಷಿನ್ನೂ ಮುರೀಬೇಡ.”

ತನಿಖೆಯ ಸಾಹೇಬರು ಹೀಗೆಂದಾಗ ಪಕ್ಕದಲ್ಲಿ ಕೂತಿದ್ದ, ಆ ಸೇತುವೆ ಕಟ್ಟಿಸಿದ ಕಂಟ್ರಾಕ್ಟರ ಹೊಟ್ಟೆ ಕುಲುಕಿಸಿ ನಕ್ಕ. ಮಷಿನ್ನಿನ ಮೇಲೆ ನಿಂತವಳು ನನ್ನ ಅತ್ತೆ. ಉಳಿದ ಎಂಟು ಹೆಂಗಸರು ಬಟ್ಟೆಯ ಮೂಟೆ ಹೊತ್ತು ಬಾಗಿಲಲ್ಲಿ ಸಾಲಾಗಿ ನಿಂತಿದ್ದೆವು. ಮೂಟೆ ಸಮೇತ ಬರಬೇಕೆಂದು ಅಪ್ಪಣೆಯಾಗಿತ್ತು. ತೂಗುಸೇತುವೆ ಎಂದರೆ ನಮ್ಮನ್ನು ತೂಗುವ ಸೇತುವೆ ಎಂದು ನನಗೆ ತಿಳಿದದ್ದು ಅವತ್ತೇ.

“ಎಂಬತ್ತೊಂಬತ್ತು ಕೆಜಿ,” ಸಾಹೇಬರು ಗಟ್ಟಿಯಾಗಿ ಓದಿ ಬರೆದುಕೊಂಡರು. “ಮೂಟೆ ಬೇರೆ.”

ನಡೆದದ್ದು ಇಷ್ಟು. ಆಸ್ಪತ್ರೆಯ ಬಟ್ಟೆ ಒಗೆದು ಹೊತ್ತುಕೊಂಡು ನಾವು ಒಂಬತ್ತು ಜನ ಸೇತುವೆಯ ನಡುವಿಗೆ ಬಂದಾಗ ಎಡಗಡೆಯ ಉಕ್ಕಿನ ಹಗ್ಗ ಫಟ್ಟೆಂದಿತು. ಎಲ್ಲರೂ ದಬದಬ ಹೊಳೆಗೆ ಬಿದ್ದೆವು. ಎದೆಮಟ್ಟದ ನೀರು, ಪುಣ್ಯ. ನಾದಿನಿಯ ಕೈ ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಬಟ್ಟೆಗೆ ಇನ್ನೊಂದು ಸಲ ಜಾಲಾಡಿಸಿಕೊಂಡ ಭಾಗ್ಯ. ಆದರೆ ಮೂಟೆಯ ಭಾರಕ್ಕೇ ಮುರಿಯಿತೆಂದು ಕಂಟ್ರಾಕ್ಟರ ಹೇಳಿದ. ಸಾಹೇಬರು ಅದನ್ನೇ ಬರೆದರೆ ಮುಂದೆ ಕಟ್ಟುವ ಹೊಸ ಸೇತುವೆಯ ಮೇಲೆ ಮೂಟೆ ಹೊತ್ತವರು ಕಾಲಿಡುವಂತಿಲ್ಲ. ಕೆಳಗಿನ ರಸ್ತೆ ಬಳಸಿ ಹೋದರೆ ಎರಡು ತಾಸು. ದಿನಕ್ಕೆ ಮೂರು ಸಲ ದಾಟುವವರು ನಾವು. ಹೊಳೆಯಲ್ಲಿ ಮುಳುಗದಿದ್ದರೂ ಹೊಟ್ಟೆಪಾಡು ಮುಳುಗುತ್ತಿತ್ತು.

“ಇಳಿ ಕೆಳಗೆ. ‘ನಮ್ಮ ಭಾರಕ್ಕೇ ಮುರೀತು’ ಅಂತ ಬರೆದಿದೀನಿ, ಹೆಬ್ಬೆಟ್ಟು ಒತ್ತು.”

ಅತ್ತೆ ಇಳಿಯಲಿಲ್ಲ. “ಸ್ವಾಮಿ, ಆ ಫೋಟೋದಲ್ಲಿ ಎಷ್ಟು ಜನ ಇದಾರೆ?”

ಗೋಡೆಯ ಮೇಲೆ ಸೇತುವೆಯ ಉದ್ಘಾಟನೆಯ ಫೋಟೋ ಇತ್ತು. ಸೇತುವೆಯ ಉದ್ದಕ್ಕೂ ದೊಡ್ಡ ಮನುಷ್ಯರು, ನಡುವೆ ಹಲ್ಲು ಕಿರಿದ ಕಂಟ್ರಾಕ್ಟರ.

“ಅದೆಲ್ಲ ನಿನಗ್ಯಾಕೆ?”

“ನಲವತ್ಮೂರು. ಬೆಳಿಗ್ಗೆ ಈ ಆಫೀಸು ಗುಡಿಸೋಳೂ ನಾನೇ. ಆರು ವರ್ಷದಿಂದ ದಿನಾ ಒಬ್ಬೊಬ್ಬರ ಮುಖ ಒರೆಸ್ತಿದೀನಿ. ಈ ಯಪ್ಪನ ಹೊಟ್ಟೆಗೆ ಮಾತ್ರ ಎರಡು ಸಲ ಬಟ್ಟೆ ಆಡಿಸ್ಬೇಕು.”

ನಮಗೆ ನಗು ತಡೆಯಲಾಗಲಿಲ್ಲ. ಕಂಟ್ರಾಕ್ಟರ ಎದ್ದು ನಿಂತ. “ಬಾಯಿ ಮುಚ್ಚೇ ಮುಂಡೆ!”

“ಮುಂಡೇನೇ ಕಣಪ್ಪಾ. ಗಂಡ ಸತ್ತು ಹತ್ತು ವರ್ಷ ಆಯ್ತು. ನಲವತ್ಮೂರು ಗಂಡಸ್ರು ನಿಂತು ಹಲ್ಲು ಕಿರಿದಾಗ ಮುರೀಲಿಲ್ಲ, ಒಂಬತ್ತು ಹೆಂಗಸ್ರು ನಡೆದ್ರೆ ಮುರೀತಾ?”

“ನೋಡಮ್ಮ,” ಸಾಹೇಬರು ಕನ್ನಡಕ ಸರಿಮಾಡಿಕೊಂಡರು, “ಆಗ ಸೇತುವೆ ಹೊಸದು. ಹಗ್ಗಕ್ಕೆ ತುಕ್ಕು ಹಿಡಿದಿರ್ಲಿಲ್ಲ.”

ಅಂದದ್ದೇ ತಡ, ಮೇಜಿನಡಿ ಕಂಟ್ರಾಕ್ಟರ ಅವರ ಕಾಲು ತುಳಿದದ್ದು ನನಗೆ ಕಂಡಿತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಹಾಗೆ ಮೊದಲ ವರ್ಷ ಯಾರೋ ಬಂದು ಹಗ್ಗಕ್ಕೆ ಗ್ರೀಸು ಬಳಿದಿದ್ದರು. ಆಮೇಲೆ ಬಳಿದದ್ದು ಬರೀ ಬೆಳ್ಳಿ ಬಣ್ಣ, ಅದೂ ತುಕ್ಕಿನ ಮೇಲೆಯೇ.

“ಹಂಗಾದ್ರೆ ಅದನ್ನೇ ಬರ್ಕೊಳ್ಳಿ,” ಎಂದಳು ಅತ್ತೆ. “ತುಕ್ಕು ಹಿಡಿದಿದ್ದು ಹಗ್ಗಕ್ಕೆ, ನನ್ನ ಸೊಂಟಕ್ಕಲ್ಲ ಅಂತ. ಬರೆಯೋವರೆಗೂ ನಾನು ಇಳಿಯಲ್ಲ.”

ಆ ನಾಲಿಗೆ ನನ್ನ ಮೇಲೆ ಹರಿಯುವುದನ್ನು ಕೇಳಿ ಕೇಳಿ ಹನ್ನೊಂದು ವರ್ಷದಲ್ಲಿ ನನ್ನ ಕಿವಿ ತೂತಾಗಿತ್ತು. ಅವತ್ತು ಮಾತ್ರ ಅತ್ತೆಯ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು.

“ಲೇ, ಎಳೆದು ಇಳ್ಸೋ ಇವಳನ್ನ!” ಸಾಹೇಬರು ಜವಾನನಿಗೆ ಕೂಗಿದರು.

ಜವಾನ ಬಂದ. ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಕಟ್ಟಿ ನಿಂತ. “ನನ್ನೊಬ್ಬನ ಕೈಲಿ ಆಗಲ್ಲ ಸ್ವಾಮಿ. ಎಂಬತ್ತೊಂಬತ್ತು ಕೆಜಿ. ನೀವೇ ಬರ್ಕೊಂಡಿದೀರಿ.”

ನಾವು ಮೂಟೆಗಳನ್ನು ಬಾಗಿಲಿಗೆ ಅಡ್ಡಲಾಗಿ ಇಳಿಸಿ ಅವುಗಳ ಮೇಲೆ ಕೂತೆವು. ಮುರಿದ ಕೈ ಕಟ್ಟಿಸಿಕೊಂಡಿದ್ದ ನಾದಿನಿ ಎಲ್ಲಕ್ಕಿಂತ ಎತ್ತರದ ಮೂಟೆ ಹತ್ತಿದಳು. ಸಾಹೇಬರು ಪೆನ್ನು ಹಿಡಿದು ಕೂತೇ ಇದ್ದರು. ಹೊರಗೆ ಹೋಗಬೇಕಾದರೆ ನಮ್ಮನ್ನು ದಾಟಿಯೇ ಹೋಗಬೇಕು. ಬಳಸಿ ಹೋಗಲು ಆ ಕೋಣೆಗೆ ಬೇರೆ ದಾರಿ ಇರಲಿಲ್ಲ.