ಗುಳ್ಳಿ ತೋರಿಸ್ರಿ

ಪ್ರವೇಶ ಶುಲ್ಕ ಮುನ್ನೂರು, ಫೋನು ನಿಲ್ಲಿಸುವ ಸ್ಟ್ಯಾಂಡು ನೂರಾ ಎಂಬತ್ತು, ಇಂಟರ್‌ನೆಟ್‌ಗೆ ಹಾಕಿಸಿದ್ದು ಇನ್ನೂರೈವತ್ತು. ಕುಷ್ಟಗಿಯಲ್ಲಿರುವ ನನ್ನ ಪಂಚರ್ ಅಂಗಡಿ ಅರ್ಧ ದಿನ ಮುಚ್ಚಿದ್ದಕ್ಕೆ ಇನ್ನೊಂದು ಐನೂರು. ಮಗಳು ಖುಷ್ಬು ಆನ್‌ಲೈನ್ ಚೆಸ್ ಟೂರ್ನಿಯ ಕೊನೆಯ ಸುತ್ತು ಆಡಲು ಆದ ಖರ್ಚು ಇಷ್ಟು. ಗೆದ್ದರೆ ಒಂದು ವರ್ಷ ಪುಕ್ಕಟೆ ತರಬೇತಿಯ ಸೀಟು.

ಮೋಸ ತಡೆಯಲು ಟೂರ್ನಿಯವರು ಬಿಗಿಯಾದ ನಿಯಮ ಮಾಡಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಎದುರಿಗೊಂದು ಕ್ಯಾಮೆರಾ, ಬೆನ್ನ ಹಿಂದೊಂದು. ಇಯರ್‌ಫೋನ್ ಇಲ್ಲವೆಂದು ಗೊತ್ತಾಗಲು ಎರಡೂ ಕಿವಿ ಕಾಣುತ್ತಿರಬೇಕು. ಸರಿ, ಮೋಸ ಮಾಡುವವರೂ ಇದ್ದಾರೆ, ಕಾವಲು ಬೇಕು. ನಮ್ಮದು ಒಂದೇ ಕೋಣೆಯ ಮನೆ. ನನ್ನ ತಾಯಿ ಹಜರತಬೀಯನ್ನು ಪಕ್ಕದ ಹುಲಗಮ್ಮನ ಮನೆಗೆ ಕಳಿಸಿ, ಹುಲಗಮ್ಮನ ಫೋನನ್ನೇ ಹಿಂದಿನ ಕ್ಯಾಮೆರಾ ಮಾಡಿ, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತೆ.

ಸಂಜೆಯ ಆಜಾನ್ ಕೇಳಿಸಿ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಖುಷ್ಬು ಅಳುತ್ತಿದ್ದಳು.

"ಅಬ್ಬಾ, ಮೋಸ ಅಂತ ಬರದು ಆಟ ಬಂದ್ ಮಾಡ್ಯಾರ. ಎದುರಿನವನ ಒಂದು ಆನಿ ಹೊಡ್ದಿದ್ದೆ. ಗೆಲ್ಲಾಕತ್ತಿದ್ದೆ."

"ಏನ್ ಮಾಡಿದಿ?"

"ಆಜಾನ್ ಕೇಳಿಸ್ತು. ಓಡ್ನಿ ತಲಿಮ್ಯಾಲೆ ಎಳಕೊಂಡೆ. ಕಿವಿ ಮುಚ್ಚಿತು."

ಆಜಾನ್ ಕೇಳಿದೊಡನೆ ತಲೆ ಮುಚ್ಚಿಕೊಳ್ಳುವುದು ಅಜ್ಜಿಯನ್ನು ನೋಡಿ ಬಂದ ರೂಢಿ. ಕೈ ತಾನಾಗಿ ಹೋಗಿತ್ತು.

ಟೂರ್ನಿಯವರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮರುದಿನ ಹುಲಗಮ್ಮನ ಫೋನನ್ನು ಜೇಬಿಗೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ಗಂಗಾವತಿ ಬಸ್ಸು ಹತ್ತಿದೆ. ತೀರ್ಪು ಕೊಟ್ಟ ಕವಿತಾ ಮೇಡಂ ಅಲ್ಲಿಯವರು.

"ನಿಯಮ ಐತಲ್ರಿ ಟಿಪ್ಪುಸಾಬ್ರ. ಓಡ್ನಿ ಒಳಗ ಏನಿತ್ತೋ ನಮಗೇನ್ ಗೊತ್ತು?" ಎಂದರು.

ನನಗೆ ತಡೆಯಲಾಗಲಿಲ್ಲ. "ಗೊತ್ತಿಲ್ಲಂದ ಮ್ಯಾಲೆ ಮೋಸ ಅಂತ ಹೆಂಗ ಬರದ್ರಿ ಮೇಡಮ್ರ? ಪಂಚರ್ ಐತಿ ಅನ್ನೋಕಿಂತ ಮೊದ್ಲ ನಾ ಟ್ಯೂಬ್ ನೀರಾಗ ಅದ್ದಿ ಗುಳ್ಳಿ ತೋರಿಸ್ತೀನಿ. ಅಷ್ಟು ಸಣ್ಣ ಕೆಲಸಕ್ಕ! ನೀವು ವರ್ಷದ ಸೀಟು ಕಸಗೊಂಡ್ರಿ. ಓಡ್ನಿ ಸರಿಸವ್ವಾ, ಕಿವಿ ತೋರಿಸು ಅಂತ ಒಂದ್ ಮಾತು ಕೇಳಾಕ ಏನಾಗಿತ್ತು?"

ನಾನು ಜೇಬಿನಿಂದ ಫೋನು ತೆಗೆದು ಕೊಟ್ಟೆ. ಮೇಡಂ ಹುಲಗಮ್ಮನ ಫೋನಿನಲ್ಲಿ ರೆಕಾರ್ಡ್ ಆಗಿದ್ದ ವಿಡಿಯೊ ನೋಡಿದರು. ಆಜಾನ್ ಸ್ಪಷ್ಟವಾಗಿತ್ತು, ಓಡ್ನಿ ಮೇಲೇರಿದ್ದೂ ಆಗಲೇ. ಮಣೆ ತೆಗೆದು, ನಿಂತುಹೋದ ಆಟದ ಕಾಯಿಗಳನ್ನು ಇದ್ದ ಹಾಗೆಯೇ ಜೋಡಿಸಿ, ಎದುರಾಳಿಯ ಕಡೆ ತಾವೇ ಕುಳಿತರು. ಖುಷ್ಬು ಓಡ್ನಿಯನ್ನು ಎರಡೂ ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಹದಿನೆಂಟು ನಡೆಯಲ್ಲಿ ಮೇಡಂ ಅವರ ರಾಜ ಸಿಕ್ಕಿಬಿದ್ದ.

"ತಪ್ಪು ನಂದವ್ವಾ. ಆದ್ರ ಸೀಟು ನಿನ್ನೆ ರಾತ್ರಿನ ಬ್ಯಾರೆಯವ್ರಿಗೆ ಹೋಗೇತಿ," ಎಂದರು.

"ತಪ್ಪು ನಿಮ್ದು, ಸೀಟು ಹೋಗಿದ್ದು ನಂದ್ರಿ ಮೇಡಮ್," ಎಂದಳು ಖುಷ್ಬು. ನಾನು ಗದರಲಿಲ್ಲ.

ಸೀಟು ವಾಪಸ್ಸು ಬರಲಿಲ್ಲ. ಅವಳ ಹೆಸರಿನ ಮುಂದಿದ್ದ 'ಮೋಸ' ಎಂಬುದನ್ನು ಅಳಿಸಿದರು. ಮುಂದಿನ ಟೂರ್ನಿಯ ನಿಯಮಗಳಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ಕಿವಿ ಮುಚ್ಚಿದರೆ ಗಡಿಯಾರ ನಿಲ್ಲಿಸಿ, ತೋರಿಸಲು ಹೇಳಿ, ಆಮೇಲೆ ತೀರ್ಪು ಕೊಡಬೇಕು. ನಮಗೆ ಸಿಕ್ಕಿದ್ದು ಅಷ್ಟೇ.