ಇಪ್ಪತ್ತೆರಡು ಸೆಕೆಂಡಿನ ಮುಚ್ಚಳ

ಅನ್ನದ ಕುಕ್ಕರಿನ ಮುಚ್ಚಳಕ್ಕೆ ಹಿಡಿ ಕೂರಿಸುವುದು ನಮ್ಮ ಕೆಲಸ. ಜಪಾನಿನ ನಗೋಯಾದ ಹೊರವಲಯದ ಈ ಕಾರ್ಖಾನೆಯಲ್ಲಿ, ಕೆಲಸ ಸುಧಾರಿಸಲು ಸಲಹೆ ಕೊಡುವ ಚೀಟಿಯನ್ನು ತಿಂಗಳಿಗೆ ಎರಡಾದರೂ ಬರೆಯದವನು ಮನುಷ್ಯನೇ ಅಲ್ಲ. ಸ್ಕ್ರೂ ಡಬ್ಬಿಯನ್ನು ಬಲಕ್ಕಿಡಬೇಕೆಂದು ನಾನು ಮೇ ತಿಂಗಳಲ್ಲಿ ಬರೆದೆ, ಜೂನಿನಲ್ಲಿ ಎಡಕ್ಕೆ. ಎರಡಕ್ಕೂ ಚಪ್ಪಾಳೆ ಬಿತ್ತು.

ಎಲ್ಲ ಚೀಟಿಯೂ ಬುರುಡೆಯೆಂದರೆ ನಾಲಿಗೆ ಸೇದಿಹೋದೀತು. ಪಕ್ಕದಲ್ಲಿ ಕೆಲಸ ಮಾಡುವ ಇವಾಕುರಾ ಸಾನ್ ಮೇಜನ್ನು ನಾಲ್ಕು ಬೆರಳು ಎತ್ತರಿಸಲು ಬರೆದರು. ನನ್ನ ಹನ್ನೆರಡು ವರ್ಷದ ಸೊಂಟನೋವು ಹೋಯಿತು. ಆಮೇಲೆ ಆಕೆ ಮುಚ್ಚಳ ಅಲುಗದಂತೆ ಹಿಡಿಯುವ ಮರದ ಅಚ್ಚೊಂದನ್ನು ಮಾಡಿದರು. ನಲವತ್ತು ಸೆಕೆಂಡಿನ ಕೆಲಸ ಆಕೆಯ ಕೈಯಲ್ಲಿ ಇಪ್ಪತ್ತೆರಡಕ್ಕಿಳಿಯಿತು. ಎಡವಟ್ಟಾದದ್ದೇ ಅಲ್ಲಿ.

ಮೇಸ್ತ್ರಿ ಮುರಾಸೆ ಲೆಕ್ಕ ಹಾಕಿದ: ಎಲ್ಲರೂ ಹೀಗೆ ಮಾಡಿದರೆ ಐವರ ಸಾಲಿಗೆ ನಾಲ್ವರು ಸಾಕು. ನಮ್ಮಲ್ಲಿ ಹೆಚ್ಚಾದವರನ್ನು ಮನೆಗೆ ಕಳಿಸುವುದಿಲ್ಲ; ಎಲ್ಲರಿಗಿಂತ ಚುರುಕಾದವರನ್ನು ಆರಿಸಿ ದೂರದ ಕ್ಯೂಶೂ ಕಾರ್ಖಾನೆಗೆ ಕಳಿಸುತ್ತಾರೆ. ಇವಾಕುರಾ ಸಾನ್ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಗೆ ಕರೆದೊಯ್ಯಲು ಆಕೆಯೊಬ್ಬರೇ.

ಯಾರು ಚುರುಕೆಂದು ಮುರಾಸೆ ಅಳೆಯುವ ಪರೀಕ್ಷೆಯ ದಿನ ಎಲ್ಲರೂ ಆಮೆಯಾಗುವುದೆಂದು ಐವರೂ ಗುಟ್ಟಾಗಿ ಮಾತಾಡಿಕೊಂಡೆವು. ಮುರಾಸೆ ಸ್ಟಾಪ್‌ವಾಚ್ ಹಿಡಿದು ನಿಂತ. ನಾನು ಸ್ಕ್ರೂ ಬೀಳಿಸಿ ಮೇಜಿನ ಕೆಳಗೆ ತಡಕಾಡಿದೆ. ಇವಾಕುರಾ ಸಾನ್ ಮಾತ್ರ ಇಪ್ಪತ್ತೊಂದು ಸೆಕೆಂಡು. ಮುಂದಿನ ಮುಚ್ಚಳಕ್ಕೆ ಇಪ್ಪತ್ತು.

"ನಿಧಾನ ಮಾಡಿ ಅಂದಿದ್ನಲ್ಲ" ಎಂದು ಪಿಸುಗುಟ್ಟಿದೆ.

"ಏನ್ ಮಾಡ್ಲಿ ತೊಕುನಾಗಾ ಸಾನ್, ಕೈ ಮಾತು ಕೇಳಲ್ಲ. ಬೇಕಂತ ನಿಧಾನ ಮಾಡಿದ್ರೆ ನಾಚ್ಕೆ ಆಗುತ್ತೆ."

ಮುರಾಸೆ ಕಾಗದ ನೋಡಿ ನಿಟ್ಟುಸಿರಿಟ್ಟ. "ನೀವು ನಾಲ್ಕು ಜನ ಇಷ್ಟು ದಂಡಪಿಂಡಗಳು ಅಂತ ಗೊತ್ತಿರ್ಲಿಲ್ಲ. ಇವಾಕುರಾ ಸಾನ್, ನೀವು ಎಲ್ಲೂ ಹೋಗೋದು ಬೇಡ. ಇಲ್ಲೇ ಇದ್ದು ಇವ್ರಿಗೆ ಕಲಿಸಿ."

ನಮಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮರುದಿನದಿಂದ ಆಕೆ ನನ್ನ ಬೆನ್ನ ಹಿಂದೆ ನಿಂತರು.

"ಮೊಣಕೈ ಒಳಗೆ. ಹಾಂ, ಮೂವತ್ತು. ನಿಮ್ ಕೈ ಎಷ್ಟ್ ಚೆನ್ನಾಗಿದೆ, ಇಷ್ಟು ದಿನ ಸುಮ್ನೆ ಹಾಳ್ ಮಾಡ್ಕೊಂಡ್ರಿ."

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಕೈಯನ್ನು ಹೊಗಳಿರಲಿಲ್ಲ. ಉಬ್ಬಿಹೋದೆ. ಆಮೆಯ ಒಪ್ಪಂದವೆಲ್ಲ ಮರೆತೇಹೋಯಿತು. ಮೂರನೇ ವಾರ ಹತ್ತೊಂಬತ್ತು ಸೆಕೆಂಡಿಗೆ ಬಂದು, ಎಲ್ಲರ ಮುಂದೆ ಮೀಸೆ ತಿರುವುವವನ ಹಾಗೆ ನಿಂತೆ.

ಮುರಾಸೆ ಸೊಂಟದವರೆಗೆ ಬಾಗಿ ನಮಸ್ಕರಿಸಿದ. "ಭೇಷ್, ತೊಕುನಾಗಾ ಸಾನ್. ಸೋಮವಾರ ಕ್ಯೂಶೂಗೆ ಹೊರಡಿ."

ಇವಾಕುರಾ ಸಾನ್ ಮುಖ ಬಿಳಿಚಿಕೊಂಡಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಆದರೂ ಕಾಗದದಲ್ಲಿ ಹತ್ತೊಂಬತ್ತು ಎಂದೇ ಬರೆದಿದ್ದಾನೆಯೇ ಎಂದು ಒಮ್ಮೆ ಇಣುಕಿ ನೋಡಿದೆ.