ಓರಗಿತ್ತಿಯ ನಿಲುವಂಗಿ

ಚರ್ಚಿನ ಸಭೆಯಲ್ಲಿ ಎಲ್ಲರೂ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ದೀಕ್ಷಾಸ್ನಾನಕ್ಕೆಂದು ತೊಟ್ಟಿಯ ನೀರಿಗೆ ಇಳಿದು ಮುಳುಗುವವರಿಗೆಲ್ಲ ಬಿಳಿಯ ನಿಲುವಂಗಿ ಹೊಲಿದುಕೊಟ್ಟವಳು ಅವಳೇ. ಬಟ್ಟೆ ನೀರು ಮುಟ್ಟಿದ ಕೂಡಲೇ ಗಾಳಿ ತುಂಬಿಕೊಂಡು ಮೇಲೇಳುತ್ತದೆ. ಹಾಗೆ ಏಳಬಾರದೆಂದು ಕೆಳಗಿನ ಅಂಚಿನ ಮಡಿಕೆಯೊಳಗೆ ಆರು ಸೀಸದ ಬಿಲ್ಲೆ ಇಟ್ಟು ಹೊಲಿಯುವುದು ಅವಳದೇ ಉಪಾಯ. ಪರದೆ ಮಾರುವ ಅಂಗಡಿಯಲ್ಲಿ ಸಿಗುವ, ಕೋಟಿನ ಗುಂಡಿಯಷ್ಟು ಗಾತ್ರದ ಬಿಲ್ಲೆಗಳು. ಟೈಲರಮ್ಮ ಹೊಲಿದದ್ದು ತೊಟ್ಟವರ ಮಾನ ನೀರಿನಲ್ಲೂ ಹೋಗುವುದಿಲ್ಲ ಎಂದು ಹೆಂಗಸರು ನಗುತ್ತಿದ್ದರು.

ಇಷ್ಟು ಜನರನ್ನು ನೀರಿಗಿಳಿಸಿದವಳು ತಾನು ಮಾತ್ರ ಇಳಿದಿರಲಿಲ್ಲ.

ಏಳು ವರ್ಷದವಳಿದ್ದಾಗ ದೊಡ್ಡಪ್ಪನ ಮಗ ತಮಾಷೆಗೆಂದು ಅವಳನ್ನು ಕಾಲುವೆಗೆ ತಳ್ಳಿದ್ದ. ಯಾರೋ ಜಡೆ ಹಿಡಿದು ಎಳೆದುಹಾಕುವಷ್ಟರಲ್ಲಿ ಮೂಗು, ಬಾಯಿ, ಕಿವಿ ಎಲ್ಲ ಕೆಸರು ನೀರು. ಅಂದಿನಿಂದ ಅವಳು ತಲೆಯ ಮೇಲೆ ನೀರು ಸುರಿದುಕೊಂಡವಳಲ್ಲ. ಸ್ಟೂಲಿನ ಮೇಲೆ ಕುಳಿತು, ಕತ್ತು ಹಿಂದಕ್ಕೆ ಚೆಲ್ಲಿ, ಹಣೆಗೆ ಟವೆಲು ಕಟ್ಟಿಕೊಂಡು ಕೂದಲು ತೊಳೆಯುವಳು. ಮದುವೆಯಾದ ವರ್ಷವೇ ನಂಬಿಕೆಗೆ ಬಂದಿದ್ದಳು, ಪ್ರಾರ್ಥನೆ ತಪ್ಪಿಸಿದವಳಲ್ಲ. ಆದರೆ ದೀಕ್ಷಾಸ್ನಾನದ ಮಾತು ಬಂದರೆ ಸಾಕು, ಒಂದು ವರ್ಷ ನೆಗಡಿ, ಒಂದು ವರ್ಷ ಬಸಿರು, ಒಂದು ವರ್ಷ ಸೊಂಟನೋವು. ಮೂವರು ಪಾಸ್ಟರುಗಳು ಬಂದರು, ಹೋದರು. ನಾಲ್ಕನೆಯವರು ಕೇಳುವುದನ್ನೇ ಬಿಟ್ಟಿದ್ದರು. ತಿಂಗಳ ಮೊದಲ ಭಾನುವಾರ ಪ್ರಭುವಿನ ಭೋಜನದ ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂದಾಗ ದೀಕ್ಷಾಸ್ನಾನವಾಗದವರು ತಿನ್ನುವಂತಿಲ್ಲವಾದ್ದರಿಂದ ಅವಳು ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಅದೂ ಅಭ್ಯಾಸವಾಗಿ ಹೋಗಿತ್ತು. ಈಚೆಗೆ ಪಕ್ಕದಲ್ಲಿ ಕೂರತೊಡಗಿದ್ದ ಓರಗಿತ್ತಿಯೂ ಹಾಗೆಯೇ ದಾಟಿಸುತ್ತಿದ್ದುದರಿಂದ ಒಂದಿಷ್ಟು ಸಮಾಧಾನವೂ ಇತ್ತು.

ಓರಗಿತ್ತಿ ಮೈದುನನ ಹೆಂಡತಿ, ಇವಳಿಗಿಂತ ಹದಿನೈದು ವರ್ಷ ಚಿಕ್ಕವಳು. ಅದೇ ಮನೆಯ ಮಹಡಿಯಲ್ಲಿ ವಾಸ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ, ಬಾಯಿ ಜೋರು, ನಗು ಅದಕ್ಕಿಂತ ಜೋರು. ಸಭೆಗೆ ಕಾಲಿಟ್ಟು ಎಂಟು ತಿಂಗಳಾಗಿತ್ತಷ್ಟೆ. ಒಂದು ಸಂಜೆ ಕೆಲಸದಿಂದ ಬಂದವಳೇ, ಚಪ್ಪಲಿ ಕೂಡ ಬಿಡದೆ, ಹೊಲಿಗೆ ಮಿಷನ್ನಿನ ಮುಂದೆ ಬಂದು ನಿಂತಳು.

"ಅಕ್ಕ, ಅಳತೆ ತಗೊಳ್ಳಿ. ಬರೋ ತಿಂಗಳು ನಾನೂ ಇಳೀತೀನಿ."

ಟೈಲರಮ್ಮನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ನೀರಿಗೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದಳು, ಆದಷ್ಟು ಸಹಜವಾಗಿ.

"ನನ್ನ ಹಿಡ್ಕೊಳ್ಳೋನು ದೇವರು. ನಾನ್ಯಾಕೆ ಹೆದರ್ಲಿ?" ಎಂದು ಓರಗಿತ್ತಿ ಮೇಜಿನ ಮೇಲಿದ್ದ ಬಿಸ್ಕತ್ತು ಬಾಯಿಗೆ ಹಾಕಿಕೊಂಡಳು.

ಆ ಮಾತು ಟೈಲರಮ್ಮನ ಎದೆಗೆ ಮುಳ್ಳಿನಂತೆ ನೆಟ್ಟಿತು. ಇಪ್ಪತ್ತೆರಡು ವರ್ಷ ಮಂಡಿಯೂರಿ ಬೇಡಿದರೂ ತನಗೆ ಸಿಗದ ಧೈರ್ಯ ಇವಳಿಗೆ ಬಿಸ್ಕತ್ತಿನಷ್ಟು ಸುಲಭವಾಗಿ ಸಿಕ್ಕಿಬಿಟ್ಟಿತೇ? ಎದೆಸುತ್ತು, ಸೊಂಟ, ಉದ್ದ ಎಂದು ಚೀಟಿಯಲ್ಲಿ ಬರೆದುಕೊಳ್ಳುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿತು.

ಮನೆಯಲ್ಲಿ ಆಮೇಲೆ ಅದೊಂದೇ ಸುದ್ದಿ. ಅತ್ತೆ ಬಂದವರಿಗೆಲ್ಲ ಕಿರಿ ಸೊಸೆಯ ನಂಬಿಕೆಯನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿ ಮುಗಿದ ಮೇಲೆ ಒಂದು ಉಸಿರುಬಿಟ್ಟು ಹಿರಿಯಳ ಕಡೆ ನೋಡುವರು. ಪಾಸ್ಟರು ಪ್ರಸಂಗದಲ್ಲೇ ಓರಗಿತ್ತಿಯ ಉದಾಹರಣೆ ಕೊಟ್ಟರು. ಟೈಲರಮ್ಮನ ಗಂಡ ಕೂಡ ಊಟಕ್ಕೆ ಕುಳಿತಾಗ, ಆ ಹುಡುಗಿ ಪರವಾಗಿಲ್ಲ ಕಣೇ, ಗಟ್ಟಿಗಿತ್ತಿ ಎಂದ. ಇನ್ನು ಮುಂದೆ ರೊಟ್ಟಿಯ ತಟ್ಟೆಯನ್ನು ಅವಳ ಕೈಗೆ ತಾನೇ ದಾಟಿಸಬೇಕು, ಅವಳು ತೆಗೆದುಕೊಳ್ಳುವುದನ್ನು ನೋಡುತ್ತ ಕೂರಬೇಕು. ಇದನ್ನು ನೆನೆದಾಗಲೆಲ್ಲ ಅವಳು ಮಿಷನ್ನಿನ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ದೀಕ್ಷಾಸ್ನಾನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅಂಚು ಮಡಿಚುವ ಹೊತ್ತು ಬಂತು. ಬಿಲ್ಲೆಗಳ ಡಬ್ಬಿ ಕೈಯಳತೆಯಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಮುಚ್ಚಳ ತೆಗೆಯಲಿಲ್ಲ. ಬರಿಯ ಅಂಚನ್ನೇ ಮಿಷನ್ನಿಗೆ ಕೊಟ್ಟು ಗಡಗಡನೆ ಹೊಲಿದುಬಿಟ್ಟಳು. ಇಡೀ ಸಭೆಯ ಎದುರಿಗೆ ಬಟ್ಟೆ ಕೊಡೆಯಂತೆ ಬಿಚ್ಚಿಕೊಂಡು ಸೊಂಟದವರೆಗೆ ಏಳುವುದು, ಗಟ್ಟಿಗಿತ್ತಿ ಎರಡೂ ಕೈಯಲ್ಲಿ ಅದನ್ನು ಒತ್ತಿಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು. ಇಸ್ತ್ರಿ ಮಾಡಿ, ಮಡಿಚಿ, ಮಹಡಿಗೆ ಕಳಿಸಿದಳು. ಅಂದು ಮನೆಗೆಲಸವೆಲ್ಲ ಹಗುರವಾಗಿ ಸಾಗಿತು.

ಭಾನುವಾರ ಬೆಳಿಗ್ಗೆ ವೇದಿಕೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಬಟ್ಟೆ ಬದಲಿಸಲು ಓರಗಿತ್ತಿಗೆ ನೆರವಾಗುವ ಕೆಲಸವೂ ಅವಳ ಪಾಲಿಗೇ ಬಂತು. ಒಳಗೆ ಹೋದರೆ ಓರಗಿತ್ತಿ ನಿಲುವಂಗಿ ತೊಟ್ಟು ಬೆಂಚಿನ ಮೇಲೆ ಮುದುಡಿ ಕುಳಿತಿದ್ದಳು. ಮುಖ ಬಿಳಿಚಿಕೊಂಡಿತ್ತು. ಕತ್ತಿನ ಲಾಡಿ ಕಟ್ಟಿಕೊಳ್ಳಲು ಬೆರಳುಗಳೇ ಬಗ್ಗುತ್ತಿರಲಿಲ್ಲ.

"ಅಕ್ಕ, ಬೆಳಗ್ಗೆಯಿಂದ ಎರಡು ಸಲ ವಾಂತಿ ಆಯ್ತು" ಎಂದಳು ಮೆಲ್ಲಗೆ. "ಯಾರಿಗೂ ಹೇಳ್ಬೇಡಿ."

"ನಿಂಗೆ ಹೆದರಿಕೆ ಇಲ್ಲ ಅಂದಿದ್ಯಲ್ಲ?"

"ಹೆದರಿಕೆ ಆಗಿದ್ದಕ್ಕೇ ಹಾಗಂದಿದ್ದು. ಗಟ್ಟಿಯಾಗಿ ಹೇಳಿದ್ರೆ ಕಮ್ಮಿ ಆಗುತ್ತೆ ಅಂದ್ಕೊಂಡೆ, ಆಗ್ಲಿಲ್ಲ. ನೀವು ಜೊತೆಗಿದೀರಿ, ನೀವು ಹೊಲಿದ ಬಟ್ಟೆ ಮೈಮೇಲಿದೆ ಅನ್ನೋದೊಂದೇ ಸಮಾಧಾನ ಈಗ."

ಟೈಲರಮ್ಮ ಲಾಡಿ ಕಟ್ಟಲು ಎತ್ತಿದ ಕೈಯನ್ನು ಇಳಿಸಿದಳು. ಹೊರಗೆ ಮೊದಲ ಹಾಡು ಶುರುವಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಮರೆತೆ ಎಂದರೂ ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ. ಅಂಚಿನಲ್ಲಿ ಸೀಸ ಇಟ್ಟಿಲ್ಲವೆಂದೂ ಬೇಕೆಂದೇ ಇಟ್ಟಿಲ್ಲವೆಂದೂ ಹೇಳಿಬಿಟ್ಟಳು.

ಓರಗಿತ್ತಿ ಬಗ್ಗಿ ಅಂಚನ್ನು ಬೆರಳಿನಿಂದ ತಡವಿ ನೋಡಿದಳು. "ಯಾಕೆ?" ಎಂದಳು.

"ಹೊಟ್ಟೆಕಿಚ್ಚು. ನಂಗಿಲ್ಲದ ಧೈರ್ಯ ನಿಂಗಿದೆ ಅಂತ."

ಓರಗಿತ್ತಿ ಮುಖ ಗೋಡೆಯ ಕಡೆ ತಿರುಗಿಸಿದಳು. ಟೈಲರಮ್ಮ ಕಾಯಲಿಲ್ಲ. ಬೀರುವಿನಿಂದ ಸಭೆಯ ಹಳೆಯ ನಿಲುವಂಗಿಯೊಂದನ್ನು ಎಳೆದು, ಅಂಚನ್ನು ಹಲ್ಲಿನಿಂದಲೇ ಬಿಚ್ಚಿ, ಆರು ಬಿಲ್ಲೆ ತೆಗೆದಳು. ಚೀಲದಲ್ಲಿ ಸೂಜಿದಾರ ಯಾವಾಗಲೂ ಇರುತ್ತಿತ್ತು. ನೆಲದ ಮೇಲೆ ಕುಳಿತು ಓರಗಿತ್ತಿಯ ಕಾಲ ಬುಡದಲ್ಲೇ ಒಂದೊಂದಾಗಿ ಸೇರಿಸಿ ಹೊಲಿದಳು. ಹಾಡು ಮುಗಿದು ಎರಡನೆಯದು ಶುರುವಾಯಿತು. ಕೊನೆಯ ಗಂಟು ಹಾಕಿ ದಾರ ಕಡಿದಾಗ ಓರಗಿತ್ತಿ ಎದ್ದು ನಿಂತಳು.

"ನನ್ನತ್ರ ಇಲ್ಲದೇ ಇರೋದಕ್ಕೆ ಹೊಟ್ಟೆ ಉರ್ಕೊಂಡ್ರಲ್ಲ ಅಕ್ಕ" ಎಂದಳು. "ನಾನು ಹೆದರ್ಕೊಂಡೇ ಹೋಗ್ತಾ ಇದೀನಿ."

ಬಾಗಿಲ ಸಂದಿಯಿಂದ ಟೈಲರಮ್ಮ ಎಲ್ಲವನ್ನೂ ನೋಡಿದಳು. ತೊಟ್ಟಿಯ ಎರಡನೆಯ ಮೆಟ್ಟಿಲಿನಲ್ಲೇ ಓರಗಿತ್ತಿ ನಿಂತುಬಿಟ್ಟಳು. ಕಂಬಿ ಹಿಡಿದ ಕೈ ಬಿಡಲು ಅವಳಿಗೆ ಆಗಲೇ ಇಲ್ಲ. ಪಾಸ್ಟರು ಎದೆಮಟ್ಟದ ನೀರಿನಲ್ಲಿ ಕೈಚಾಚಿ ಕಾದರು. ಅವಳ ತುಟಿಗಳು ಏನನ್ನೋ ಬೇಡಿಕೊಳ್ಳುತ್ತಿದ್ದವು. ಆಮೇಲೆ ಕೈ ಬಿಟ್ಟಳು. ಮುಳುಗಿ ಎದ್ದವಳು ಕೆಮ್ಮಿದಳು, ಮೂಗು ಒರೆಸಿಕೊಂಡಳು, ಜನ ಮೆಲ್ಲಗೆ ನಕ್ಕರು, ಅವಳೂ ನಕ್ಕಳು.

ಇದನ್ನು ಕಂಡ ಮೇಲಾದರೂ ಹೊಟ್ಟೆಯ ಉರಿ ಆರಬೇಕಿತ್ತು. ಆರಲಿಲ್ಲ, ಇನ್ನೂ ಹೆಚ್ಚಿತು. ಅವಳು ಹುಟ್ಟಾ ಧೈರ್ಯವಂತೆ, ತನಗೆ ದೇವರು ಅದನ್ನು ಕೊಡಲಿಲ್ಲ ಎಂದುಕೊಂಡಾಗ ಒಂದು ನೆಪವಾದರೂ ಇತ್ತು. ತನ್ನಷ್ಟೇ ಹೆದರಿದವಳು, ನಡುಗುತ್ತಲೇ ಇಳಿದು ಎದ್ದು ಬಂದಳಲ್ಲ ಎಂಬುದಕ್ಕೆ ಯಾವ ನೆಪವೂ ಸಾಲುತ್ತಿರಲಿಲ್ಲ.

ಹದಿನೈದು ದಿನ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಓರಗಿತ್ತಿ ಯಾರಿಗೂ ವಿಷಯ ಹೇಳಲಿಲ್ಲ. ಅದೂ ಇವಳನ್ನು ಕುಟುಕಿತು. ಒಂದು ಬೆಳಿಗ್ಗೆ ಮಿಷನ್ನಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಕೈಬಿಟ್ಟು ಪ್ರಾರ್ಥನೆಗೆ ಕುಳಿತಳು. ಇಷ್ಟು ವರ್ಷವೂ ಅವಳು ಬೇಡಿದ್ದು ಒಂದೇ: ಈ ಭಯ ತೆಗೆದುಹಾಕು, ಆಮೇಲೆ ಬರುತ್ತೇನೆ. ಅಂದು ಬೇರೆ ಮಾತು ಬಂತು. ಸ್ವಾಮೀ, ಭಯ ಹೋಗುವ ಹಾಗೆ ಕಾಣುವುದಿಲ್ಲ. ಅದನ್ನೂ ಕಟ್ಟಿಕೊಂಡೇ ಬರುತ್ತೇನೆ. ನೀನು ಕೈಬಿಡಬೇಡ. ಹೊಟ್ಟೆಕಿಚ್ಚನ್ನೂ ಮುಚ್ಚಿಡದೆ ಹೇಳಿಕೊಂಡಳು. ಎದ್ದಾಗ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ಕಾಲು ಮಹಡಿಯ ಮೆಟ್ಟಿಲು ಹತ್ತುತ್ತಿತ್ತು.

ಓರಗಿತ್ತಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಟೈಲರಮ್ಮ ಅಲ್ಲೇ ನಿಂತು ಕ್ಷಮೆ ಕೇಳಿದಳು, ನಂತರ ತಾನೂ ದೀಕ್ಷಾಸ್ನಾನಕ್ಕೆ ಇಳಿಯುವುದಾಗಿ ಹೇಳಿದಳು. ಓರಗಿತ್ತಿ ಪಾಸ್ಟರ ಹತ್ತಿರ ಯಾವಾಗ ಹೋಗುವುದು ಎಂದಷ್ಟೇ ಕೇಳಿದಳು.

ತಲೆಯ ಮೇಲೆ ನೀರು ಚಿಮುಕಿಸಿದರೂ ನಡೆಯುತ್ತದೆ, ದೇವರಿಗೆ ನಿಮ್ಮ ಕಷ್ಟ ಗೊತ್ತು ಎಂದರು ಪಾಸ್ಟರು. ಟೈಲರಮ್ಮ ಒಪ್ಪಲಿಲ್ಲ, ಮುಳುಗಿಯೇ ಏಳುತ್ತೇನೆ ಎಂದಳು. ಅಭ್ಯಾಸಕ್ಕೆಂದು ಮೂರು ವಾರ, ಬುಧವಾರದ ಸಂಜೆಗಳಲ್ಲಿ, ಖಾಲಿ ತೊಟ್ಟಿಯೊಳಗೆ ಇಬ್ಬರೂ ನಿಲ್ಲುವರು, ಪಾಸ್ಟರ ಹೆಂಡತಿ ನಲ್ಲಿ ತಿರುಗಿಸುವರು. ಮೊದಲ ವಾರ ಹಿಮ್ಮಡಿ, ಎರಡನೆಯ ವಾರ ಮಂಡಿ. ಮೂರನೆಯ ವಾರ ಸೊಂಟಕ್ಕೆ ಬಂದಾಗ ಟೈಲರಮ್ಮ ಓರಗಿತ್ತಿಯ ತೋಳನ್ನು ಉಗುರು ನೆಡುವಷ್ಟು ಹಿಡಿದುಕೊಂಡಳು. ಅವಳು ಬಿಡಿಸಿಕೊಳ್ಳಲಿಲ್ಲ.

ಅವಳ ಸರದಿಯ ಭಾನುವಾರ, ನೀರು ಮುಖ ಮುಚ್ಚಿದಾಗ, ಕಾಲುವೆಯ ಕತ್ತಲೆ ಇದ್ದಂತೆಯೇ ಇತ್ತು. ಉಸಿರು ಕಟ್ಟಿತು, ಕಾಲು ನೆಲ ಹುಡುಕಿತು. ಆದರೆ ಬೆನ್ನ ಕೆಳಗೆ ಪಾಸ್ಟರ ಕೈ ಇತ್ತು. ಆ ಕೈಯಾಚೆಗೂ ತನ್ನನ್ನು ಹಿಡಿದವನೊಬ್ಬನಿದ್ದಾನೆ ಎಂಬುದನ್ನು ಅವಳು ಮೊದಲ ಸಲ ಬಾಯಿಪಾಠವಾಗಿ ಅಲ್ಲದೆ ಮೈಯಿಂದ ತಿಳಿದಳು. ಎದ್ದು ಬಂದು ಮಕ್ಕಳ ಹಾಗೆ ಅತ್ತಳು.

ಅವಳ ಹಿಂದೆಯೇ ಇಳಿದವರು ಎಂಬತ್ತು ದಾಟಿದ ಅಜ್ಜ, ನಿವೃತ್ತ ಪೋಸ್ಟ್‌ಮ್ಯಾನ್. ಮನೆಯ ಬಚ್ಚಲಿಗೆ ಹೋದವರಂತೆ ನಿರಾಳವಾಗಿ ಮುಳುಗಿ, ಮುಖ ಸವರಿಕೊಂಡು, ಎಲ್ಲರಿಗೂ ಕೈಬೀಸಿ ಮೆಟ್ಟಿಲು ಹತ್ತಿದರು. ಟವೆಲಿನೊಳಗೆ ನಡುಗುತ್ತಿದ್ದ ಟೈಲರಮ್ಮ ಅವರನ್ನೇ ದಿಟ್ಟಿಸಿದಳು.

"ನೋಡು, ಈ ಅಜ್ಜನಿಗೆ ಒಂಚೂರೂ ಹೆದರಿಕೆ ಇಲ್ಲ" ಎಂದಳು.

"ಶುರುವಾಯ್ತಾ ಮತ್ತೆ?" ಎಂದು ಓರಗಿತ್ತಿ ಅವಳ ತಲೆಯನ್ನು ಟವೆಲಿನಿಂದ ಜೋರಾಗಿ ಒರೆಸತೊಡಗಿದಳು.